ಮಡಿಸುತ್ತಾ ಕಲಿತ ಪ್ರಶ್ನೆ

ನಾನು ಸಂಜೆ ನಡೆಸುವ ಇಂಗ್ಲಿಷ್ ತರಗತಿಯಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ನನ್ನ ಕೆಮ್ಮನ್ನೂ ಬಿಡದೆ ಅಣಕಿಸುತ್ತಲೇ ಎಲ್ಲ ಕಲಿತುಬಿಟ್ಟ. ಇಸ್ತ್ರಿ ಅಂಗಡಿಯ ಅಕ್ಕನಿಗೆ ಮಾತ್ರ ಕೈ ಖಾಲಿಯಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಬಟ್ಟೆ ಮಡಿಸುತ್ತಾ ಹೇಳಿ ಎಂದೆ. ಒಂದೊಂದು ಮಡಿಕೆಗೂ ಒಂದೊಂದು ಪದ ಕೂತಿತು. ಆಸ್ಪತ್ರೆಯಲ್ಲಿದ್ದ ಗಂಡ ಗುಣವಾಗುತ್ತಾರಾ ಎಂದು ಇಂಗ್ಲಿಷ್ ಮಾತ್ರ ಬಲ್ಲ ಡಾಕ್ಟರನ್ನು ತಾವೇ ಕೇಳಬೇಕೆಂಬುದು ಅವರ ಆಸೆ. ಅಲ್ಲಿಯವರೆಗೆ ಮಗನೇ ನಡುವೆ ನಿಂತು, ಗುಣವಾಗುತ್ತಾರಂತೆ ಎಂದು ಅರ್ಥ ಹೇಳುತ್ತಿದ್ದ.

ನಿನ್ನೆ ಅಕ್ಕ ಮಡಿಸುವ ಬಟ್ಟೆಯಿಲ್ಲದೆ ಬರಿಗೈಯಲ್ಲಿ ಬಂದರು.

“ಏನಕ್ಕಾ, ಇಸ್ತ್ರಿಪೆಟ್ಟಿಗೆಗೆ ರಜಾನಾ?” ಡ್ರೈವರ್ ರೇಗಿಸಿದ.

ಅಕ್ಕ ನನ್ನ ಕಡೆ ತಿರುಗಿದರು. “ಕೇಳ್ದೆ ಮೇಷ್ಟ್ರೇ. ಡಾಕ್ಟರು ನಿಧಾನವಾಗಿ ಹೇಳಿದ್ರು. ಎಲ್ಲಾ ಅರ್ಥ ಆಯ್ತು. ಪಾಪ, ಇಷ್ಟು ದಿನ ಮಗ ಒಬ್ನೇ ಸುಳ್ಳು ಹೇಳ್ಕೊಂಡು ಓಡಾಡ್ತಿದ್ದ.”

ಡ್ರೈವರ್ ತನ್ನ ಕೋಟು ಬಿಚ್ಚಿ ಅವರ ಮಡಿಲಲ್ಲಿಟ್ಟ. ಅಕ್ಕ ಅದನ್ನು ಮಡಿಸತೊಡಗಿದರು.