ಹಾಫ್ ಕ್ಲಚ್

“ಎಳೀಬೇಡಿ ಚಿಕ್ಕಪ್ಪ, ಕುತ್ತಿಗೆ ಹಿಡ್ಕೊಳ್ಳತ್ತೆ!” ಎನ್ನುತ್ತ ಸಮನ್ವಿತಾ ಹಗ್ಗವನ್ನು ಮಾಧವನ ಕೈಯಿಂದ ಕಿತ್ತುಕೊಂಡಳು. ಅಷ್ಟರಲ್ಲಿ ನಾಯಿ ನಾಲ್ಕೂ ಕಾಲು ಚಾಚಿ ಹೊಸ್ತಿಲಿಗೆ ಅಂಟಿಕೊಂಡಾಗಿತ್ತು.

ಒಳಗೆ ನಡುಮನೆಯಲ್ಲಿ, ದರ್ಭೆಯ ಮೇಲೆ, ಅವಳ ಮಾವ ಸೇತುರಾಮ ಮಲಗಿದ್ದರು. ಶನಿವಾರ ಸಂಜೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎದೆ ಹಿಡಿದುಕೊಂಡವರು ಮತ್ತೆ ಮಾತಾಡಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಎಂಟೂವರೆ. ಪುರೋಹಿತರು ಬಂದಾಗಿತ್ತು, ವ್ಯಾನು ದಾರಿಯಲ್ಲಿತ್ತು. ನಾಯಿ ಎಲ್ಲಿ ಹೆಣವನ್ನು ಮುಟ್ಟಿಬಿಡುತ್ತದೋ ಎಂದು ಬಂದವರಿಗೆಲ್ಲ ಅದೊಂದೇ ಚಿಂತೆ.

“ಅಣ್ಣ ಇದ್ದ, ಮುದ್ದು ಮಾಡ್ದ. ಇನ್ಯಾರು ನೋಡ್ಕೋತಾರೆ ಇದನ್ನ?” ಎಂದ ಮಾಧವ. “ಉತ್ತರಹಳ್ಳಿ ಸೈಟಲ್ಲಿ ಸಿಮೆಂಟ್ ಕಾಯೋಕೆ ನಂಗೊಂದು ನಾಯಿ ಬೇಕಿತ್ತು. ಚಿತಾಗಾರದಿಂದ ಬಂದ ತಕ್ಷಣ ಕರ್ಕೊಂಡ್ಹೋಗ್ತೀನಿ. ಕಾರಲ್ಲಿ ಚೈನ್ ಇದೆ.”

“ಕಟ್ಟಿಹಾಕಿದ್ರೆ ಇದು ಬದುಕಲ್ಲ ಚಿಕ್ಕಪ್ಪ.”

“ನಾಯಿ ಕಣಮ್ಮ ಅದು!”

ತಿಲಕ್ ನಗರದ ಮೋರಿಯ ಪಕ್ಕ ಕುತ್ತಿಗೆಗೆ ತಂತಿ ಬಿಗಿದುಕೊಂಡು ಬಿದ್ದಿದ್ದ ಮರಿಯನ್ನು ಎತ್ತಿಕೊಂಡು ಬಂದವಳು ಸಮನ್ವಿತಾ. ತಂತಿ ಬಿಚ್ಚಿಸಿ ಎರಡು ವರ್ಷವಾದರೂ ಕುತ್ತಿಗೆಯ ಹತ್ತಿರ ಏನಾದರೂ ಬಿಗಿಯಾದರೆ ಸಾಕು, ಅದು ಕೂತುಬಿಡುತ್ತಿತ್ತು. ಮನೆಯ ಪಕ್ಕದ ಮೂರಡಿ ಓಣಿಯೇ ಅದರ ಪ್ರಪಂಚ. ಸುರುಳಿ ಬಾಲ ನೋಡಿ ಕೋಡುಬಳೆ ಎಂದು ಹೆಸರಿಟ್ಟವರು ಮಾವ.

ಗಂಡನ ತಲೆಯ ಬಳಿ ಕೂತಿದ್ದ ಸರಸ್ವತಿ ಮುಖ ಎತ್ತಿದರು. “ಮಾಧವ ಹೇಳೋದು ಸರಿ ಕಣೇ. ನನ್ನ ಮಂಡಿ ನೋವು ನಿಂಗೆ ಗೊತ್ತು. ನೀನೂ ಶ್ರೀಕರನೂ ಆಫೀಸಿಗೆ ಹೋಗ್ತೀರ. ನಿಜ ಹೇಳು, ಒಂದಿನ ಆದ್ರೂ ಅದನ್ನ ಗೇಟ್ ದಾಟ್ಸಿದೀಯಾ ನೀನು?”

ಇಲ್ಲ. ಒಂದು ದಿನವೂ ದಾಟಿಸಿರಲಿಲ್ಲ.

ಸರಸ್ವತಿಯ ಮನಸ್ಸು ಆಗಲೇ ಬೇರೆಲ್ಲೋ ಹಾರಿತ್ತು. “ತುಳಸಿ ಹಾಕಿಡೋಕೆ ಆ ಪುಟ್ಟ ಸ್ಟೀಲ್ ಡಬ್ಬಿನೂ ಸಿಗ್ತಿಲ್ಲ. ತಿಂಗಳಾಯ್ತು ಕಳೆದು. ಇವರನ್ನ ಕೇಳಿದ್ರೆ ಸುಮ್ನೆ ನಗ್ತಿದ್ರು” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಸಮನ್ವಿತಾ ನಾಯಿಯನ್ನು ಎತ್ತಿಕೊಂಡು ಹೋಗಿ ಓಣಿಯಲ್ಲಿ ಬಿಟ್ಟಳು. ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದಳು. ಹಚ್ಚದ ಒಲೆಯ ಮುಂದೆ ನಿಲ್ಲಲಾರದೆ ಮತ್ತೆ ಓಣಿಗೆ ಬಂದಳು.

*

ಸೇತುರಾಮ ಮೂವತ್ತೊಂದು ವರ್ಷ ಜಯನಗರದ ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಗಡೆ ಸೀಟಿನಲ್ಲಿ ಕೂತವರು. ಅವರ ಕಾಲ ಕೆಳಗೂ ಒಂದು ಬ್ರೇಕಿತ್ತು. ಅದನ್ನು ಆದಷ್ಟು ಒತ್ತದೆ ಇರುವುದೇ ಅವರ ಹೆಮ್ಮೆ. ಕಲಿಯಲು ಬಂದವರು ಹದಿನೆಂಟರ ಹುಡುಗಿಯಾದರೂ ಸರಿ, ಸೊಸೆಯಾದರೂ ಸರಿ, ಕಾರಿನೊಳಗೆ ಎಲ್ಲರಿಗೂ ಬಹುವಚನ.

“ಕಾಲು ನೋಡಬೇಡಿ ಮೇಡಂ, ರೋಡ್ ನೋಡಿ. ಹಾಫ್ ಕ್ಲಚ್, ಅರ್ಧ ಮಾತ್ರ ಬಿಡಿ. ಗಾಡಿ ಹೊರಡ್ತೀನಿ ಅನ್ನತ್ತೆ, ಅದು ಅನ್ನೋವರೆಗೂ ಕಾಯಿರಿ.”

ಪಾಠದ ಮೂರನೇ ದಿನ, ಏರು ರಸ್ತೆಯಲ್ಲಿ, ಹಿಂದಿನ ಬಸ್ಸು ಹಾರನ್ನು ಬಾರಿಸಿದ್ದೇ ಸಮನ್ವಿತಾ ಕಾಲು ನೋಡಿದಳು. ಕ್ಲಚ್ಚು ಗಕ್ಕನೆ ಬಿಟ್ಟಳು, ಗಾಡಿ ನಿಂತಿತು, ಅವಳು ಅತ್ತಳು. ನಾಲ್ಕನೇ ದಿನ ಹೋಗಲಿಲ್ಲ. ಮಾವ ಯಾಕೆ ಎಂದು ಕೇಳಲೂ ಇಲ್ಲ.

ರಿಟೈರಾದ ಮೇಲೆ ಅವರ ಕೊನೆಯ ಶಿಷ್ಯೆ ಕೋಡುಬಳೆ. ಮೊದಲ ತಿಂಗಳು ಹಗ್ಗವನ್ನು ಅದರ ಊಟದ ತಟ್ಟೆಯ ಪಕ್ಕ ಸುಮ್ಮನೆ ಇಡುವುದಷ್ಟೇ ಕೆಲಸ. ಎರಡನೇ ತಿಂಗಳು ಹಗ್ಗ ಕಟ್ಟಿ, ಇಬ್ಬರೂ ಗೇಟಿನ ಮೆಟ್ಟಿಲ ಮೇಲೆ ಕೂರುವುದು. ಎದುರುಮನೆಯ ಶಂಭುಲಿಂಗಪ್ಪ ಹಾಲಿನ ಪ್ಯಾಕೆಟ್ ಹಿಡಿದು ಹೋಗುವಾಗ ದಿನಾ ಕೇಳುತ್ತಿದ್ದರು.

“ಗಾಡಿ ಸ್ಟಾರ್ಟ್ ಆಯ್ತಾ ಸಾರ್?”

“ಸ್ಟಾರ್ಟ್ ಆಗಿದೆ. ಗೇರ್ ಬೀಳ್ತಾ ಇಲ್ಲ.”

ಮನೆಯವರೆಲ್ಲ ಏಳುವ ಹೊತ್ತಿಗೆ ಪಾಠ ಮುಗಿದಿರುತ್ತಿತ್ತು. ಇದೆಲ್ಲ ಆಗುವ ಮಾತಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಸಮನ್ವಿತಾ ಕೂಡ.

*

ಶಂಭುಲಿಂಗಪ್ಪ ತುಳಸಿಹಾರ ತಂದು ಹಾಕಿ, ಕೈಮುಗಿದು, ಓಣಿಗೆ ಬಂದರು. ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಸಮನ್ವಿತಾಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

“ಇವತ್ತು ಭಾನುವಾರ ಅಲ್ವೇನಮ್ಮ? ಸಾರ್ ನಿಮಗೇ ತೋರಿಸ್ಬೇಕು ಅಂತಿದ್ರು.”

“ಏನನ್ನ ಅಂಕಲ್?”

“ಇವಳ ನಡಿಗೇನ! ಹತ್ತು ದಿನದಿಂದ ಬೀದಿ ಕೊನೆ ಹೊಂಗೆಮರದವರೆಗೂ ಹೋಗ್ತಿದ್ರಲ್ಲ ಇಬ್ರೂ. ‘ಸೊಸೆಗೆ ಹೇಳ್ಬೇಡಿ, ಭಾನುವಾರ ಹಗ್ಗ ಅವಳ ಕೈಗೇ ಕೊಡ್ತೀನಿ, ಒಂದು ಪಾಠ ಅರ್ಧಕ್ಕೆ ನಿಂತಿದೆ’ ಅಂದ್ರು ನಿನ್ನೆ.”

ಸಮನ್ವಿತಾಳಿಗೆ ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು.

ವ್ಯಾನು ಬಂತು. ಡ್ರೈವರ್ ಹನಮಂತ ಕೆಳಗಿಳಿದು ಹೆಣದ ಮುಖ ನೋಡಿದವನೇ ತಲೆಯ ಟೋಪಿ ತೆಗೆದ. “ಅಯ್ಯೋ, ನಮ್ಮ ಸಾರು! ನಂಗೆ ಸ್ಟೀರಿಂಗ್ ಹಿಡ್ಸಿದೋರು ಇವ್ರೇ.” ಆಮೇಲೆ, ಮಡಿಪಂಚೆಯಲ್ಲಿ ಬೆಂಕಿಮಡಕೆ ಹಿಡಿದು ನಿಂತಿದ್ದ ಶ್ರೀಕರನಿಗೆ ಹೇಳಿದ: “ಒಂದು ಜರ್ಕೂ ಹೊಡಿಯಲ್ಲಣ್ಣ. ನೋಡ್ತಿರಿ.”

ಹೇಳಿದ ಹಾಗೇ ಮಾಡಿದ. ಎಂಜಿನ್ನು ಗುಂಯ್ಗುಟ್ಟಿತು, ಹನಮಂತ ಕಾದ. ಹಿಂದಿನ ಆಟೊ ಹಾರನ್ನು ಬಾರಿಸಿದರೂ ಕತ್ತು ತಿರುಗಿಸಲಿಲ್ಲ. ನೋಡನೋಡುತ್ತಿದ್ದಂತೆ ವ್ಯಾನು, ಚಟ್ಟದ ಮೇಲಿನ ಒಂದು ಹೂವೂ ಉದುರದೆ, ಮುಂದೆ ಸರಿದಿತ್ತು. ಹಿಂದೆ ಮಾಧವನ ಕಾರು ಗಕ್ಕ್ ಗಕ್ಕ್ ಎಂದು ಎರಡು ಸಲ ನಿಂತು ಹೊರಟಿತು.

*

ಹೆಂಗಸರು ಮನೆ ತೊಳೆದು, ತಲೆಗೆ ಸ್ನಾನ ಮಾಡಿದರು. ಬನಶಂಕರಿಯ ಚಿತಾಗಾರದಲ್ಲಿ ಎಲ್ಲ ಮುಗಿಯಿತು, ಹೊರಟೆವು ಎಂದು ಶ್ರೀಕರ ಫೋನು ಮಾಡಿದ. ಸಮನ್ವಿತಾ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡೇ ಹಗ್ಗ ಹಿಡಿದು ಓಣಿಗೆ ನಡೆದಳು.

“ಈಗ ಎಲ್ಲಿಗೇ?” ಎಂದರು ಸರಸ್ವತಿ.

“ಗೇಟ್ ದಾಟ್ಸಿದೀಯಾ ಅಂತ ಕೇಳಿದ್ರಲ್ಲ ಅಮ್ಮ.”

ಹಗ್ಗ ಕಟ್ಟಿದಳು. ಗೇಟು ತೆರೆದಳು. ಕೋಡುಬಳೆ ಕೂತುಬಿಟ್ಟಿತು. ಅವಳ ಕೈ ತಾನಾಗಿಯೇ ಎಳೆಯಲು ಹೋಯಿತು, ತಡೆದಳು. ಯಾವ ಕ್ಷಣದಲ್ಲಾದರೂ ಕಾರು ತಿರುವಿನಲ್ಲಿ ಕಾಣಿಸಬಹುದು. ಆದರೂ ನಿಂತಳು. ಹಗ್ಗ ಬಟ್ಟೆ ಒಣಹಾಕುವ ದಾರದ ಹಾಗೆ ಜೋಲು ಬಿಟ್ಟು, ನಾಯಿಗೆ ಬೆನ್ನು ಹಾಕಿ, ಬೀದಿಯ ಕೊನೆಯ ಹೊಂಗೆಮರವನ್ನೇ ನೋಡಿದಳು.

“ಬನ್ನಿ ಮೇಡಂ. ನಿಧಾನ.”

ಒಂದು ಹೆಜ್ಜೆ ಇಟ್ಟಳು. ಕಾದಳು. ಹಿಂದೆ ತಿರುಗಿ ನೋಡಬೇಕೆಂದು ಕತ್ತೆಲ್ಲ ಚಡಪಡಿಸಿತು, ನೋಡಲಿಲ್ಲ. ಆಮೇಲೆ ಸಿಮೆಂಟಿನ ಮೇಲೆ ಉಗುರಿನ ಸದ್ದು ಕೇಳಿಸಿತು. ಟಿಕ್, ಟಿಕ್.

ಅರ್ಧ ಬೀದಿಗೆ ಬರುವಷ್ಟರಲ್ಲಿ ಕೋಡುಬಳೆ ಅವಳನ್ನು ದಾಟಿ ಮುಂದಿತ್ತು. ಮರ ಸಿಕ್ಕಿದ್ದೇ ಬುಡದ ಪೊಟರೆಗೆ ಮೂತಿ ತೂರಿಸಿ ಕುಂಯ್ಗುಟ್ಟಿತು. ಸಮನ್ವಿತಾ ಕೈ ಹಾಕಿದಳು. ಪುಟ್ಟ ಸ್ಟೀಲ್ ಡಬ್ಬಿ. ಒಳಗೆ ಎರಡು ರಸ್ಕು.

ಮಾಧವನ ಕಾರು ತಿರುವಿನಲ್ಲಿ ಬಂದು ಗಕ್ಕನೆ ನಿಂತಿತು. ಒದ್ದೆ ಪಂಚೆಯ ಶ್ರೀಕರ ಕಿಟಕಿಯಿಂದ ಕಣ್ಣು ಬಿಟ್ಟು ನೋಡಿದ. ಮಾಧವ ಇಳಿದ. ಕೈಯಲ್ಲಿದ್ದ ಚೈನು ನೆಲಕ್ಕೆ ತಾಗಿ ಗಲಗಲ ಎಂದಿತು. ಅತ್ತ ಗೇಟಿನಲ್ಲಿ ಸರಸ್ವತಿ, ಕಂಬ ಹಿಡಿದು, ಇತ್ತಲೇ ನೋಡುತ್ತಿದ್ದರು.

ಸಮನ್ವಿತಾ ಒಂದು ರಸ್ಕನ್ನು ನಾಯಿಯ ಬಾಯಿಗೆ ಕೊಟ್ಟಳು. ಇನ್ನೊಂದನ್ನು ನಾಳೆಗೆಂದು ಒಳಗೇ ಬಿಟ್ಟು, ಮುಚ್ಚಳ ಒತ್ತಿ, ಡಬ್ಬಿಯನ್ನು ಮತ್ತೆ ಪೊಟರೆಯಲ್ಲಿಟ್ಟಳು.