ಅರ್ಧ ಗಂಟೆ ನೀರು

"ಕಣ್ಣು ಬಿಡಿ ಮಾವ, ಕಣ್ಣು ಬಿಡಿ!" ಎಂದು ಕೂಗುತ್ತಲೇ ಕಾರ್ಖಾನೆಯ ನರ್ಸು ಫಿಟ್ಟರನ ಎಡಗಣ್ಣಿನ ರೆಪ್ಪೆಗಳನ್ನು ಎರಡು ಬೆರಳಿನಿಂದ ಅಗಲಿಸಿ, ಅವನ ಮುಖವನ್ನು ಷವರಿನ ನೀರಿಗೆ ಒಡ್ಡಿದಳು.

ಕಾರ್ಖಾನೆಗೆಲ್ಲ ಮಾವನೇ ಆಗಿದ್ದ ಆ ಹಿರಿಯ ಫಿಟ್ಟರ್ ಬೆಳಿಗ್ಗೆ ರಿಪೇರಿಗೆಂದು ಪಂಪು ಬಿಚ್ಚಲು ಕೂತಿದ್ದ. ಪೈಪು ಖಾಲಿ ಮಾಡಿದ್ದೇವೆ ಎಂದು ಹೇಳಿದ್ದರು. ಖಾಲಿಯಾಗಿರಲಿಲ್ಲ. ಮೂರನೇ ಬೋಲ್ಟು ಸಡಿಲವಾಗುತ್ತಿದ್ದಂತೆ ಒಳಗೆ ಉಳಿದಿದ್ದ, ಚರ್ಮ ಸುಡುವ ಕಾಸ್ಟಿಕ್ ಸೋಡಾ ದ್ರಾವಣ ಚಿಮ್ಮಿ ಮುಖಕ್ಕೂ ಭುಜಕ್ಕೂ ಬಿತ್ತು. ಬೆವರಿಗೆ ಮಂಜು ಕವಿಯುತ್ತದೆಂದು ರಕ್ಷಣೆಯ ಕನ್ನಡಕವನ್ನು ಆಗತಾನೆ ಹಣೆಗೆ ಸರಿಸಿದ್ದ.

ಅವನ ಅಂಗಿಯನ್ನು ನರ್ಸು ಕತ್ತರಿಯಿಂದ ಸೀಳಿ ಎಸೆದಿದ್ದಳು. ಅವಳ ಬಟ್ಟೆಯೂ ನೆನೆದು ತೊಪ್ಪೆಯಾಗಿತ್ತು. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು. ತಲೆನೋವಿನ ಮಾತ್ರೆ ಕೊಡುವುದು ಬಿಟ್ಟರೆ ಇವಳಿಗೇನು ಕೆಲಸ ಎಂದು ಇದೇ ಮಾವ ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. "ಕಾರು ಬಾಗಿಲಲ್ಲೇ ನಿಂತಿದೆ. ಹತ್ತಿಸಿ ಬೇಗ!"

"ಇನ್ನೂ ಇಪ್ಪತ್ತು ನಿಮಿಷ ನೀರು ಬೀಳಬೇಕು ಸಾರ್."

"ತಲೆ ಕೆಟ್ಟಿದೆಯೇನಮ್ಮ? ಆಸ್ಪತ್ರೆ ಮುಕ್ಕಾಲು ಗಂಟೆ ದಾರಿ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ನಾನೇ. ತೊಳೀದೆ ಕಳಿಸಿದ್ರೆ ದಾರಿಯುದ್ದಕ್ಕೂ ಸುಡ್ತಾನೇ ಇರುತ್ತೆ. ಕಾರಲ್ಲಿ ನೀರಿದೆಯಾ?"

ಅವಳ ದನಿ ಅವಳಿಗೇ ಹೊಸದೆನಿಸಿತು. ಮ್ಯಾನೇಜರ್ ಹಿಂದಿದ್ದವರ ಕಡೆ ತಿರುಗಿ, "ಏನು ಮುಖ ನೋಡ್ತೀರಿ? ಕ್ಯಾನು ತುಂಬಿಸಿ ಕಾರಿಗಿಡಿ" ಎಂದು ಗದರಿದ.

ಫಿಟ್ಟರ್ ಗಡಗಡ ನಡುಗುತ್ತಿದ್ದ. "ಬಿಡು ತಾಯಿ, ಚಳಿಗೇ ಸಾಯ್ತೀನಿ. ನನ್ನ ಹೆತ್ತವಳೂ ಇಷ್ಟು ಹೊತ್ತು ಸ್ನಾನ ಮಾಡಿಸಿರಲಿಲ್ಲ."

"ಬೈಕೊಳ್ಳಿ ಮಾವ, ಎಷ್ಟು ಬೇಕಾದ್ರೂ ಬೈಕೊಳ್ಳಿ. ಕಣ್ಣು ಮಾತ್ರ ಮುಚ್ಚಬೇಡಿ."

ಅವನು ಬೈದ. ಆಮೇಲೆ ಅತ್ತ. ಅವಳು ಬೆರಳು ಸಡಿಲಿಸಲಿಲ್ಲ. ಅರ್ಧ ಗಂಟೆ ತುಂಬಿದ ಮೇಲೆ ತಾನೂ ಕಾರು ಹತ್ತಿ, ಆಸ್ಪತ್ರೆಯವರೆಗೂ ಅವನ ಕಣ್ಣಿಗೆ ನೀರು ಹನಿಸುತ್ತ ಹೋದಳು.

ಸುಟ್ಟ ಭುಜಕ್ಕೆ ತೊಡೆಯ ಚರ್ಮ ಕಸಿ ಮಾಡಬೇಕಾಯಿತು. ಕಣ್ಣಿನ ವಿಷಯಕ್ಕೆ ಡಾಕ್ಟರು "ನೋಡೋಣ" ಎಂದಷ್ಟೇ ಹೇಳಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಫಿಟ್ಟರ್ ಅವಳ ಕೋಣೆಗೆ ಬಂದ. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಕಪಾಟಿನಲ್ಲಿದ್ದ ಹತ್ತಿಯ ಪೊಟ್ಟಣದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದ. ಕೊನೆಯ ಸಾಲಿನ ಸಣ್ಣಕ್ಷರಕ್ಕೆ ಬಂದಾಗ ತಡವರಿಸಿ, ಒಂದು ಹೆಜ್ಜೆ ಮುಂದಿಟ್ಟು, ಆ ಸಾಲನ್ನು ಮತ್ತೆ ಮೊದಲಿಂದ ಓದಿದ. ನರ್ಸು ಪೆನ್ನು ಕೆಳಗಿಟ್ಟು ಕೇಳುತ್ತ ಕೂತಳು.