ಎಂಟು ಬೈಟಿನ ಸುಳ್ಳು

ನಾನು ಒಂದು ರೂಟರ್. ಬೆನ್ನಿಗೆ ನಾಲ್ಕು ತೂತು, ಮುಖಕ್ಕೆ ಐದು ದೀಪ. ಕಾರ್ಖಾನೆಯಲ್ಲಿ ನನ್ನ ತಲೆಗೆ ತುಂಬಿದ ಅಂಕಿ 1460 ಬೈಟು. ಸಂಪರ್ಕ ಶುರುವಾಗುವಾಗ ಎರಡೂ ಕಡೆಯ ಕಂಪ್ಯೂಟರುಗಳು ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡು ಕಳಿಸಬಹುದೆಂದು ಮಾತಾಡಿಕೊಳ್ಳುತ್ತವೆ. ನಡುವೆ ಕೂತ ನಾನು ಲೈನಿನ ತಾಕತ್ತು ನೋಡಿ ಆ ಅಂಕಿಯನ್ನು ತಗ್ಗಿಸಿ ಹೇಳಬೇಕು. ನನಗೆ ಅಷ್ಟು ವಿನಯ ಎಲ್ಲಿತ್ತು?

ಮೊದಲು ಒಂದು ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಗೋಡೆ ಹತ್ತಿದೆ. ಅಲ್ಲಿ ನೀಲಾಂಬಿಕಾ ಒಬ್ಬಳೇ ಟೆಕ್ನಿಷಿಯನ್. ಗುತ್ತಿಗೆ ನೌಕರಿ, ವರ್ಷ ವರ್ಷ ನವೀಕರಣ ಆಗಬೇಕು. ಮೂಳೆ ಮುರಿದವರ ಚಿತ್ರ ತೆಗೆದು ಜಿಲ್ಲಾಸ್ಪತ್ರೆಯ ಡಾಕ್ಟರಿಗೆ ಕಳಿಸುವುದು ಅವಳ ಕೆಲಸ. ದಾಟಿಸುವುದು ನನ್ನದು.

ಅಲ್ಲಿಯ ಲೈನ್ 1452ಕ್ಕಿಂತ ಹೆಚ್ಚು ಹೊರುತ್ತಿರಲಿಲ್ಲ. ನಾನು 1460 ಎಂದೇ ಹೇಳುತ್ತಾ ಹೋದೆ. ಎಂಟೇ ಬೈಟು ಹೆಚ್ಚು. ಎಕ್ಸ್‌ರೇ ಚಿತ್ರದ ತುಂಡುಗಳು ನನ್ನ ಮಾತು ನಂಬಿ ಆ ಅಳತೆಯಲ್ಲೇ ಬಂದವು. ದೊಡ್ಡದಾಯಿತು ಎಂದು ಹಿಂದಕ್ಕೆ ತಿಳಿಸುವ ಬದಲು ಸದ್ದಿಲ್ಲದೆ ಬಿಸಾಡಿದೆ. ಐದೂ ದೀಪ ಹಸಿರಾಗಿಯೇ ಉರಿಯುತ್ತಿದ್ದವು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಲೈನ್ ನೋಡಲು ಬಂದವರದ್ದೆಲ್ಲ ಒಂದೇ ಪರೀಕ್ಷೆ: "ನಮಸ್ಕಾರ" ಎಂದು ಟೈಪು ಮಾಡಿ ಕಳಿಸುವುದು. ಅಷ್ಟು ಸಣ್ಣದು ದಾಟದೆ ಇರುತ್ತದೆಯೇ?

"ಲೈನ್ ಚಲೋ ಐತ್ರೀ. ಕಳ್ಸೋರು ಸರಿಯಾಗಿ ಕಳ್ಸವಲ್ರು," ಎಂದು ಹೇಳಿ ಹೋಗುತ್ತಿದ್ದರು.

ಒಂದು ದಿನ ತೊಡೆಮೂಳೆ ಮುರಿದ ಅಜ್ಜಿಯ ಚಿತ್ರವೂ ತಲುಪಲಿಲ್ಲ. ಮಧ್ಯಾಹ್ನದವರೆಗೆ ಕಾದು, ಕೊನೆಗೆ ನರಳುತ್ತಿದ್ದ ಆಕೆಯನ್ನು ಜೀಪಿನಲ್ಲಿ ಎಂಬತ್ತು ಕಿಲೋಮೀಟರ್ ಸಾಗಿಸಿದರು. ಆಡಳಿತಾಧಿಕಾರಿ ಎಕ್ಸ್‌ರೇ ಕೋಣೆಗೇ ಬಂದರು.

"ಸರ್, ನಾ ಮೂರು ಸರ್ತಿ ಕಳ್ಸೀನ್ರೀ," ಎಂದಳು ನೀಲಾಂಬಿಕಾ.

"ಮತ್ತ ಎಲ್ಲಿ ಹೋತವ್ವಾ ಅದು? ನಿರ್ಲಕ್ಷ್ಯ ಆಗೇತಿ ಅಂತ ಬರಕೊಡು."

ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಅಲ್ಲೇ ಕಂಪ್ಯೂಟರಿನಲ್ಲಿ ಬರೆದು ಕಳಿಸಿದಳು. ಆ ವರ್ಷ ನವೀಕರಣ ಆಗಲಿಲ್ಲ.

ಅವಳು ಹೋದ ತಿಂಗಳಿಗೆ ಖಾಜಾಹುಸೇನ್ ಎಂಬ ಇಂಜಿನಿಯರ್ ಬಂದ. ಅವನು ನಮಸ್ಕಾರ ಕಳಿಸಲಿಲ್ಲ. 1460ರ ತುಂಡು ಕಳಿಸಿದ, ಉತ್ತರವಿಲ್ಲ. ನಾಲ್ಕು ಇಳಿಸಿದ, ಇಲ್ಲ. ಇನ್ನೂ ನಾಲ್ಕು ಇಳಿಸಿದ. ಉತ್ತರ ಬಂತು. ನನ್ನೊಳಗಿನ ಅಂಕಿ ತಿದ್ದಿ, ಆಡಳಿತಾಧಿಕಾರಿಯ ಕಡೆ ತಿರುಗಿದ.

"ಸರ್, ಆ ಅಕ್ಕಾರ್ದು ತಪ್ಪಿರಲಿಲ್ರೀ. ಈ ಡಬ್ಬೀನ ಸುಳ್ಳ ಹೇಳಾಕತ್ತಿತ್ತು."

"ಆಕಿ ಬರದ ಪತ್ರ ಮ್ಯಾಲೆ ಮುಟ್ಟೇತಲ್ಲಪಾ," ಎಂದರು ಅವರು.

ಈಗ ನಾನು ಸ್ಟೋರ್ ರೂಮಿನ ಕಪಾಟಿನಲ್ಲಿದ್ದೇನೆ. ಅಂಕಿ ತಿದ್ದಿದ ಮೇಲೆ ಸಾವಿರಾರು ಚಿತ್ರ ದಾಟಿಸಿದೆ, ಸಮಾಧಾನವಾಗಲಿಲ್ಲ. ಅವಳು ಮೂರು ಸಲ ಕಳಿಸಿದ ಚಿತ್ರವನ್ನು ಮೂರು ಸಲವೂ ಬಿಸಾಡಿದವನು ನಾನು. ಅವಳ ತಪ್ಪೊಪ್ಪಿಗೆ ನಾಲ್ಕೇ ಸಾಲಿತ್ತು. ಅದನ್ನು ಒಂದಕ್ಷರ ಕಳೆಯದೆ ಮೊದಲ ಸಲಕ್ಕೇ ತಲುಪಿಸಿದ್ದೂ ನಾನೇ.